ಪಹಣಿಗೆ ಸಿಗದ ಸಿರಿ

ನಮ್ಮ ಬಯಲುಸೀಮೆಯಲ್ಲಿ ಒಬ್ಬರ ಸ್ಥಿತಿಗತಿ ತಿಳಿಯಬೇಕಾದರೆ ಜನ ಮೊದಲು ಕೇಳುವುದು ಹೊಲ ಎಷ್ಟಿದೆ ಎಂದು. ಆಮೇಲೆ, ನೀರಾವರಿಯೋ ಖುಷ್ಕಿಯೋ ಎಂದು. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಎರಡನೆಯ ಪ್ರಶ್ನೆಗೆ ಹೆಚ್ಚಿನವರ ಉತ್ತರ ಗೊತ್ತಿದ್ದದ್ದೇ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ನೆಲಗಳಲ್ಲಿ ಇದೂ ಒಂದು. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ, ಅದೂ ಬಂದರೆ ಬಂತು. ಮೋಡ ನಂಬಿ ಶೇಂಗಾ ಬಿತ್ತುತ್ತಾರೆ. ಮೋಡ ಕೈಕೊಟ್ಟರೆ ಮನೆಗೆ ಬೀಗ ಹಾಕಿ, ಮುದುಕರನ್ನು ಜಗುಲಿಯ ಮೇಲೆ ಬಿಟ್ಟು, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಅಷ್ಟಿಷ್ಟು ಖುಷ್ಕಿ, ಒಂದು ಮನೆ, ಹತ್ತು ಕುರಿ, ಸೊಸೈಟಿಯಲ್ಲಿ ಸಾಲ: ಬಹಳ ಮನೆಗಳ ಆಸ್ತಿಪಟ್ಟಿ ಇಲ್ಲಿಗೆ ಮುಗಿಯುತ್ತದೆ.

ಹಾಗೆ ಮುಗಿಯಿತು ಅಂದುಕೊಂಡಲ್ಲೇ ನನ್ನ ಬೆರಗು ಶುರುವಾಗುವುದು. ಈ ಸೀಮೆಯ ಅತಿ ದೊಡ್ಡ ಸಿರಿ ಯಾವ ಪಹಣಿಯಲ್ಲೂ ಇಲ್ಲ, ಯಾರ ಖಾತೆಯಲ್ಲೂ ಇಲ್ಲ. ಯಾರೂ ಅದನ್ನು ನಮ್ಮದು ಅನ್ನುವುದಿಲ್ಲ. ಆದರೂ ಅದು ತಲೆಮಾರುಗಳಿಂದ ಉಳಿದುಕೊಂಡು ಬಂದಿದೆ.

ಊರಿಂದ ತುಸು ಆಚೆ, ಜಾಲಿ, ಕಾರೆ, ಬಾರೆ ಗಿಡಗಳ ನಡುವೆ ಹಟ್ಟಿಗಳಿವೆ. ಕೆಲವು ಕಾಡುಗೊಲ್ಲರವು, ಕೆಲವು ಮ್ಯಾಸಬೇಡರವು. ದನಕರುಗಳ ಹಿಂದೆ ನಡೆಯುತ್ತ ನಡೆಯುತ್ತ ಬಂದು ನೆಲೆಸಿದ ಜನ ಇವರು. ಗುಡಿಸಲುಗಳಿದ್ದ ಜಾಗದಲ್ಲಿ ಈಗ ಶೀಟಿನ ಮನೆಗಳೂ ಆಶ್ರಯ ಮನೆಗಳೂ ಎದ್ದಿವೆ. ಬೈಕು ಬಂದಿದೆ, ಮೊಬೈಲು ಬಂದಿದೆ. ಆದರೂ ಹಟ್ಟಿಗೆ ಹಟ್ಟಿಯದೇ ಕಟ್ಟಳೆ. ಮ್ಯಾಸಬೇಡರ ಪೈಕಿ ಸಂಪ್ರದಾಯಸ್ಥರು ಕೋಳಿ ತಿನ್ನುವುದಿಲ್ಲ, ಈಚಲನ್ನು ಮುಟ್ಟುವುದಿಲ್ಲ. ತಂಟೆ ತಕರಾರು ಬಂದರೆ ಕಟ್ಟೆಮನೆಯ ಹಿರಿಯರು ಕೂತು ನ್ಯಾಯ ಹೇಳುವ ರೂಢಿ ಪೂರ್ತಿ ಅಳಿದಿಲ್ಲ. ನನ್ನಿವಾಳದ ಕಟ್ಟೆಮನೆ ಅಂಥವುಗಳಲ್ಲಿ ಹೆಸರಾದದ್ದು. ಮ್ಯಾಸಬೇಡರು ಕೈಮುಗಿಯುವ ಗಾದ್ರಿ ಪಾಲನಾಯಕ, ಜಗಳೂರು ಪಾಪನಾಯಕ, ಕಾಡುಗೊಲ್ಲರು ಕೈಮುಗಿಯುವ ಎತ್ತಪ್ಪ, ಜುಂಜಪ್ಪ ಎಲ್ಲರೂ ಒಂದಾನೊಂದು ಕಾಲಕ್ಕೆ ದನ ಕಾದವರು. ದನ ಕಾದವರೇ ದೇವರಾದ ನಾಡು ಇದು.

ಆ ದೇವರುಗಳಿಗೆ ಇಲ್ಲಿ ಬಂಗಾರದ ಕಿರೀಟಕ್ಕಿಂತ ದೊಡ್ಡ ಆಸ್ತಿಯೊಂದಿದೆ. ದೇವರ ಎತ್ತುಗಳು ಎಂದು ಕರೆಯುತ್ತಾರೆ. ಎತ್ತು ಅಂದರೂ ಆ ಮಂದೆಯಲ್ಲಿ ಹಸು, ಹೋರಿ, ಕರು ಎಲ್ಲವೂ ಇರುತ್ತವೆ. ಹರಕೆ ಹೊತ್ತವರು ಕರುವೊಂದನ್ನು ತಂದು ಸ್ವಾಮಿಗೆ ಬಿಡುತ್ತಾರೆ. ಒಮ್ಮೆ ಬಿಟ್ಟ ಮೇಲೆ ಅದರ ಕೊರಳಿಗೆ ನೊಗ ಬೀಳುವುದಿಲ್ಲ. ಅದು ಸಂತೆಗೆ ಹೋಗುವುದಿಲ್ಲ. ಅದರ ಹಾಲು ಡೇರಿಗೆ ಹೋಗುವುದಿಲ್ಲ. ಹಾಲು ಕರುವಿನದು, ತಪ್ಪಿದರೆ ದೇವರ ಮೀಸಲಿನದು. ಮುದಿಯಾದರೂ ಮಂದೆಯಲ್ಲೇ ಇರುತ್ತದೆ, ಸತ್ತರೆ ಮನೆಯವರೊಬ್ಬರು ಹೋದಂತೆ ಮಣ್ಣು ಮಾಡುತ್ತಾರೆ. ಹಟ್ಟಿಯವರು ಹೊಟ್ಟೆ ಕಟ್ಟಿದ ಬರಗಾಲದಲ್ಲೂ ಈ ಕಟ್ಟಳೆ ಸಡಿಲವಾಗಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ನನಗೆ ಅದರಲ್ಲಿ ಅನುಮಾನವಿಲ್ಲ. ಸಡಿಲವಾಗಿದ್ದರೆ ಈ ಮಂದೆಗಳು ಇವತ್ತು ಇರುತ್ತಿರಲಿಲ್ಲ.

ಬೆಳಗ್ಗೆ ರೊಪ್ಪದ ಬಾಯಿಗೆ ಅಡ್ಡ ಇಟ್ಟ ಮುಳ್ಳುಕಂಟಿ ಸರಿಸುವ ಹೊತ್ತಿಗೆ ಅಲ್ಲಿ ನಿಂತು ನೋಡಬೇಕು. ರಾತ್ರಿಯ ಗಂಜಳದ ಘಾಟು, ಸಗಣಿಯ ಬಿಸಿ, ದನಗಳ ಮೈಯಿಂದ ಏಳುವ ಹಬೆ. ಕಿಲಾರಿ ಹೆಗಲಿಗೆ ಕಂಬಳಿ ಹಾಕಿ, ಕಂಕುಳಲ್ಲಿ ಕೋಲು ಸಿಕ್ಕಿಸಿ, ಬುತ್ತಿಗಂಟು ಕೈಯಲ್ಲಿ ಹಿಡಿದು ನಿಂತಿರುತ್ತಾನೆ. ದೇವರ ದನ ಕಾಯುವವನಿಗೆ ಇಲ್ಲಿ ಕಿಲಾರಿ ಎಂದೇ ಹೆಸರು. ಅವನು ಕೂಗುವುದಿಲ್ಲ, ಹೊಡೆಯುವುದಿಲ್ಲ. ಗಂಟಲಲ್ಲೇ ಒಂದು ಸದ್ದು ಮಾಡುತ್ತಾನೆ. ಮುಂದಾಳು ಹಸು ಕತ್ತೆತ್ತಿ ನೋಡಿ ಹೆಜ್ಜೆ ಇಡುತ್ತದೆ. ಅದರ ಹಿಂದೆ ಇಡೀ ಮಂದೆ ಕೊಂಬಿಗೆ ಕೊಂಬು ತಾಗದ ಹಾಗೆ ಜಾರಿ ಹೊರಗೆ ಬರುತ್ತದೆ. ಹೊರಬಂದ ಒಂದೊಂದರ ಮೇಲೂ ಅವನ ಕಣ್ಣು ಹಾಯುತ್ತದೆ. ಯಾವುದು ರಾತ್ರಿ ಮೆಲುಕು ಹಾಕಿಲ್ಲ, ಯಾವುದರ ಕಾಲಿಗೆ ಮುಳ್ಳು ನಟ್ಟಿದೆ, ಯಾವುದು ಇವತ್ತೋ ನಾಳೆಯೋ ಈಯುತ್ತದೆ, ಎಲ್ಲ ಆ ಒಂದು ನೋಟದಲ್ಲಿ ಅವನಿಗೆ ಗೊತ್ತಾಗುತ್ತದೆ.

‘ಇದ್ರಾಗೆ ನಿಮ್ಮವು ಎಷ್ಟವೆ ಅಜ್ಜ?’ ಎಂದು ಹೊಸಬರು ಕೇಳುವುದುಂಟು.

‘ನಮ್ಮವು ಒಂದೂ ಇಲ್ಲಪ್ಪ. ಎಲ್ಲಾ ಸ್ವಾಮೀವೇ.’

ಈ ಉತ್ತರದಲ್ಲಿ ವೈರಾಗ್ಯದ ರಾಗವಿಲ್ಲ, ತ್ಯಾಗ ಮಾಡಿದೆ ಎಂಬ ಬಿಗುಮಾನವೂ ಇಲ್ಲ. ಹೊತ್ತು ಮೂಡಿತು ಎನ್ನುವಷ್ಟೇ ಸಹಜವಾಗಿ ಬರುವ ಮಾತು. ವರ್ಷದ ಮುನ್ನೂರ ಅರವತ್ತೈದು ದಿನ, ಬಿಸಿಲಾಗಲಿ ಚಳಿಯಾಗಲಿ, ತನ್ನದಲ್ಲದ ಮಂದೆಯ ಹಿಂದೆ ನಡೆಯುವ ಮನುಷ್ಯ ಅವನು. ಕುಲದ ಮನೆಗಳವರು ಕೊಡುವ ಕಾಳುಕಡಿ, ಈಚೆಗೆ ಒಂದಿಷ್ಟು ದುಡ್ಡು, ಇಷ್ಟೇ ಅವನ ಸಂಪಾದನೆ. ಅಷ್ಟಕ್ಕಾಗಿ ಯಾರೂ ಇಷ್ಟು ನಡೆಯುವುದಿಲ್ಲ. ಅವನನ್ನು ನಡೆಸುವುದು ಕೂಲಿಗಿಂತ ದೊಡ್ಡದೊಂದು ನಂಬಿಕೆ.

ನಾವು ಓದುಬರಹ ಕಲಿತವರು ಇದನ್ನು ಲಾಭನಷ್ಟದಲ್ಲಿ ಬಿಡಿಸಲು ಹೋಗುತ್ತೇವೆ. ಉಳದ ಎತ್ತು, ಕರೆಯದ ಹಸು, ಮಾರದ ಕರು. ಖರ್ಚಿನ ಕಡೆ ಬರೆಯಲು ಬೇಕಾದಷ್ಟಿದೆ, ಆದಾಯದ ಕಡೆ ಏನು ಬರೆಯುವುದು? ನನಗೆ ಹೊಳೆಯುವುದು ಇಷ್ಟು: ಇಡೀ ಕುಲವನ್ನು ಒಂದಾಗಿ ಹಿಡಿದಿರುವ ಗಂಟು ಈ ಮಂದೆ. ಇದು ಯಾರೊಬ್ಬರದೂ ಅಲ್ಲವಾದ್ದರಿಂದ ಅಣ್ಣತಮ್ಮಂದಿರು ಪಾಲು ಕೇಳುವುದಿಲ್ಲ. ಮಾರುವಂತಿಲ್ಲವಾದ್ದರಿಂದ ಸಾಲ ಕೊಟ್ಟವನು ಜಫ್ತಿ ಮಾಡುವುದಿಲ್ಲ. ಹಬ್ಬ ಬಂದರೆ ಉಳ್ಳವನೂ ಇಲ್ಲದವನೂ ಒಂದೇ ರೊಪ್ಪದ ಮುಂದೆ ಕಾಯಿ ಒಡೆಯುತ್ತಾರೆ. ಅವನಿಗೂ ಇವನಿಗೂ ಅದರಲ್ಲಿ ಇರುವ ಹಕ್ಕು ಸಮ: ನೋಡಿಕೊಳ್ಳುವ ಹಕ್ಕು.

1968ರಲ್ಲಿ ಅಮೆರಿಕದ ಗ್ಯಾರೆಟ್ ಹಾರ್ಡಿನ್ ಒಂದು ಪ್ರಸಿದ್ಧ ಲೇಖನ ಬರೆದ. ಎಲ್ಲರಿಗೂ ಸೇರಿದ ಹುಲ್ಲುಗಾವಲು ಹಾಳಾಗದೆ ಇರದು, ಪ್ರತಿಯೊಬ್ಬನೂ ತನ್ನದೊಂದು ದನ ಹೆಚ್ಚಿಗೆ ಮೇಯಿಸಲು ನೋಡುತ್ತಾನೆ, ಕೊನೆಗೆ ಯಾರಿಗೂ ಹುಲ್ಲಿಲ್ಲದಂತಾಗುತ್ತದೆ ಎಂಬುದು ಅವನ ವಾದ. ಜಗತ್ತು ಬಹುಕಾಲ ಅದನ್ನು ನಂಬಿತು. ಎಲಿನಾರ್ ಆಸ್ಟ್ರಮ್ ಎಂಬ ವಿದ್ವಾಂಸೆ ಮಾತ್ರ ಊರೂರು ಹುಡುಕಿಸಿ ನೋಡಿದಳು. ಜಪಾನಿನ ಕಾಡು, ಸ್ವಿಟ್ಜರ್ಲೆಂಡಿನ ಗುಡ್ಡಗಾವಲು, ಫಿಲಿಪ್ಪೀನ್ಸಿನ ಕಾಲುವೆ ಎಲ್ಲವನ್ನೂ ಜನ ತಾವೇ ಕಟ್ಟಳೆ ಮಾಡಿಕೊಂಡು ನೂರಾರು ವರ್ಷ ಕಾಪಾಡಿಕೊಂಡು ಬಂದದ್ದನ್ನು ತೋರಿಸಿದಳು. 2009ರಲ್ಲಿ ಅವಳಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ಗೌರವ ಪಡೆದ ಮೊದಲ ಹೆಣ್ಣುಮಗಳು ಅವಳು. ನನ್ನಿವಾಳದ ಕಟ್ಟೆಮನೆಯ ಹಿರಿಯರಿಗೆ ಅವಳ ಪುಸ್ತಕ ಓದಿ ಹೇಳಿದರೆ, ಇದರಲ್ಲಿ ಹೊಸದೇನಿದೆ ಎಂದು ಅವರು ಕೇಳಿಯಾರು.

ಬರ ಬಂದಾಗ ಈ ಗಂಟು ಎಷ್ಟು ಗಟ್ಟಿ ಎಂಬುದು ಗೊತ್ತಾಗುತ್ತದೆ. ಮಳೆ ಸಾಲುಸಾಲಾಗಿ ಕೈಕೊಟ್ಟ ವರ್ಷಗಳಲ್ಲಿ ಕಾವಲಿನಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಕಡ್ಡಿ ಹುಲ್ಲು ಉಳಿಯುವುದಿಲ್ಲ. ಸ್ವಂತ ದನವಾದರೆ ಕಣ್ಣೀರು ಒರೆಸಿಕೊಂಡು ಮಾರಿಬಿಡಬಹುದು. ದೇವರ ದನವನ್ನು ಮಾರುವ ದಾರಿಯೇ ಇಲ್ಲ. ಆಗ ಮೇವು ಹೊತ್ತ ಟ್ರ್ಯಾಕ್ಟರುಗಳೂ ಲಾರಿಗಳೂ ಬೇರೆ ಊರುಗಳಿಂದ ಬರುತ್ತವೆ. ಕಳಿಸಿದವರು ಬೇರೆ ಜಾತಿಯವರು, ಬೇರೆ ಸೀಮೆಯವರು, ಈ ಸ್ವಾಮಿಯ ಹೆಸರು ಕೇಳದವರು. ಮಾಲೀಕನಿಲ್ಲದ ಮಂದೆಗೆ ಊರೆಲ್ಲ ನೆಂಟರಾಗುವುದು ಹೀಗೆ.

ಮೊದಲ ಮಳೆ ಬಿದ್ದು ಹುಲ್ಲು ಏಳುವ ಹೊತ್ತಿನಲ್ಲಿ ದಿಣ್ಣೆಯ ಮೇಲೆ ನಿಂತು ನೋಡಿದರೆ ಹಟ್ಟಿ ನಡುಗಡ್ಡೆಯ ಹಾಗೆ ಕಾಣುತ್ತದೆ, ಸುತ್ತ ತೆರೆತೆರೆಯಾಗಿ ಹುಲ್ಲು. ನಿಜವಾದ ನಡುಗಡ್ಡೆಯ ಜನರೂ ನೆಲದ ಬಗ್ಗೆ ಹೀಗೇ ಯೋಚಿಸಿದ್ದಾರೆ ಎಂಬುದು ನನಗೆ ಸಮಾಧಾನ ಕೊಡುವ ಸಂಗತಿ. ಶಾಂತಸಾಗರದಲ್ಲಿ ವನುವಾಟು ಎಂಬ ದ್ವೀಪಗಳ ದೇಶವಿದೆ. ತೆಂಗು, ಹಲಸಿನ ಜಾತಿಯ ಜೀಗುಜ್ಜೆ, ಗೆಡ್ಡೆಗೆಣಸು ನಂಬಿ ಬದುಕುವ ಹಳ್ಳಿಗಳು ಅಲ್ಲಿವೆ. ಬ್ರಿಟನ್ ಮತ್ತು ಫ್ರಾನ್ಸ್ ಜೊತೆಗೂಡಿ ಆಳಿದ ಆ ದ್ವೀಪಗಳು 1980ರಲ್ಲಿ ಸ್ವತಂತ್ರವಾದಾಗ ಅವರು ತಮ್ಮ ಸಂವಿಧಾನದಲ್ಲಿ ಒಂದು ಮಾತು ಬರೆದುಕೊಂಡರು: ದೇಶದ ನೆಲವೆಲ್ಲ ಅಲ್ಲಿನ ಮೂಲನಿವಾಸಿಗಳದು, ಅವರ ಸಂತತಿಯದು. ಹೊರಗಿನವರು ಗುತ್ತಿಗೆಗೆ ಪಡೆಯಬಹುದು, ಕೊಂಡುಕೊಳ್ಳುವಂತಿಲ್ಲ. ಹಿಂದಿನವರು ಮಲಗಿರುವ, ಮುಂದಿನವರು ಹುಟ್ಟಬೇಕಿರುವ ನೆಲವನ್ನು ನಡುವೆ ಬಂದವನೊಬ್ಬ ಮಾರುವುದು ಹೇಗೆ? ಸಮುದ್ರವನ್ನೇ ಕಾಣದ ನಮ್ಮ ಕಿಲಾರಿಗೂ ಈ ಪ್ರಶ್ನೆ ಬಿಡಿಸಿ ಹೇಳಬೇಕಾಗಿಲ್ಲ.

ಮಂದೆಗೆ ಮೇವು ಬೇಕು, ಮೇವಿಗೆ ಕಾವಲು ಬೇಕು. ಚಳ್ಳಕೆರೆಯ ಕಾವಲುಗಳ ಕತೆ ದೊಡ್ಡದು. ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿ ಎಂಬ ಇಲಾಖೆ ಮಾಡಿ ಅರಮನೆಯ ದನಗಳಿಗಾಗಿ ಅಲ್ಲಲ್ಲಿ ಹುಲ್ಲುಗಾವಲು ಮೀಸಲಿಟ್ಟರು. ಹೈದರಾಲಿ ಆ ದನಗಳನ್ನು ಫಿರಂಗಿ ಎಳೆಯಲು ಹೂಡಿದ. ಟಿಪ್ಪು ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಂದೆ ಇಂಗ್ಲಿಷರ ಕೈಗೆ ಹೋಯಿತು. ದಂಡು ದಣಿಯದ ಹಾಗೆ ಸಾಮಾನು ಹೊತ್ತು ನಡೆಯುವ ಈ ತಳಿಯನ್ನು ಅವರೂ ಮೆಚ್ಚಿದರು. ಅರಸರು ಬದಲಾದರು, ಇಲಾಖೆಗಳು ಬದಲಾದವು, ಕಾಗದದಲ್ಲಿ ಒಡೆಯರ ಹೆಸರೂ ಬದಲಾಯಿತು. ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳಲ್ಲಿ ಮೇಯುತ್ತಿದ್ದ ಕುರಿದನಗಳಿಗೆ ಮಾತ್ರ ಅದರ ಸುದ್ದಿ ಮುಟ್ಟಲಿಲ್ಲ. ಸರ್ಕಾರದ ದನ ಒಂದು ಕಡೆ ಮೇದರೆ ಹಟ್ಟಿಯ ದನ ಇನ್ನೊಂದು ಕಡೆ. ಹುಲ್ಲು, ಸೌದೆ, ಕಾರೆಹಣ್ಣು, ಬಾರೆಹಣ್ಣು, ಔಷಧದ ಬೇರು, ಎಲ್ಲವೂ ಅಲ್ಲಿಂದಲೇ.

ಬೇಸಗೆಯಲ್ಲಿ ಈ ಕಾವಲು ನೋಡಿದವರು ಇದೇನು ಬರಡು ನೆಲ ಎಂದು ಮುಖ ತಿರುಗಿಸಬಹುದು. ದಾಖಲೆಯ ಭಾಷೆಯೂ ಇಂಥ ನೆಲವನ್ನು ಖರಾಬು, ಪಾಳು ಎಂದು ಸುಲಭವಾಗಿ ಕರೆದುಬಿಡುತ್ತದೆ. ಹತ್ತಿರ ಕುಳಿತು ಒಂದು ಮಾರು ಜಾಗವನ್ನು ನೋಡಿದರೆ ಬೇರೆಯೇ ಲೋಕ ತೆರೆಯುತ್ತದೆ. ಒಣಗಿದ ಕರಡದ ಬುಡ ಬಿಡಿಸಿದರೆ ಒಳಗೆ ಬಿಳಿಯ ಹಸಿ ಎಳೆ ಇನ್ನೂ ಜೀವ ಹಿಡಿದಿರುತ್ತದೆ. ಬೇರು ಮಣ್ಣನ್ನು ಎಷ್ಟು ಬಿಗಿಯಾಗಿ ಹಿಡಿದಿರುತ್ತದೆ ಎಂದರೆ ಕಿತ್ತರೆ ಹುಲ್ಲು ಹರಿಯುತ್ತದೆ, ಬೇರು ಬರುವುದಿಲ್ಲ. ಪಕ್ಕದಲ್ಲಿ ಇರುವೆಗಳು ಗೂಡಿನ ಬಾಯಿಗೆ ಬೀಜದ ಹೊಟ್ಟನ್ನು ಬಳೆಯ ಹಾಗೆ ಸುತ್ತಲೂ ಒಟ್ಟಿರುತ್ತವೆ. ಗೊರಸಿನ ಕುಳಿಯೊಂದರಲ್ಲಿ ನೆಲಗುಬ್ಬಿಯ ಗೂಡು, ಅದರಲ್ಲಿ ಮಣ್ಣಿನ ಬಣ್ಣದ ಮೊಟ್ಟೆ. ಮುಂಗಾರಿನ ಒಂದು ಹದ ಮಳೆ ಬಿದ್ದರೆ ಸಾಕು, ಕೆಲವೇ ದಿನಗಳಲ್ಲಿ ನೆಲ ಹಸುರಾಗುತ್ತದೆ. ಬಿತ್ತಿದವರಿಲ್ಲ, ಗೊಬ್ಬರ ಹಾಕಿದವರಿಲ್ಲ. ಕೃಷ್ಣಮೃಗಗಳು ಮೇಯಲು ಇಳಿಯುತ್ತವೆ, ಅವುಗಳ ಜಾಡು ಹಿಡಿದು ತೋಳ ಬರುತ್ತದೆ. ಬಯಲುಸೀಮೆಯ ಇಂಥ ಹುಲ್ಲುಗಾವಲುಗಳಲ್ಲಿ ಎರೆಬೂತ ಹಕ್ಕಿ ಗತ್ತಿನಿಂದ ಓಡಾಡುತ್ತಿದ್ದ ಕಾಲವೂ ಇತ್ತು. ಈಗ ಅದು ರಾಜ್ಯದಲ್ಲಿ ಸಿರುಗುಪ್ಪದ ಸುತ್ತ ಬೆರಳಲ್ಲಿ ಎಣಿಸುವಷ್ಟು ಉಳಿದಿದೆ. ಇಷ್ಟು ಜೀವಗಳಿಗೆ ಇಂಬಾದ ನೆಲವನ್ನು ಪಾಳು ಎನ್ನಲು ನನಗಂತೂ ನಾಲಗೆ ಹೊರಳುವುದಿಲ್ಲ.

ಇದೇ ಸೀಮೆಯಲ್ಲಿ ಚಕ್ರವರ್ತಿಯೊಬ್ಬ ತನ್ನ ಮಾತನ್ನು ಬಿಟ್ಟುಹೋಗಿದ್ದಾನೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟ, ಈ ಮೂರು ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇವುಗಳನ್ನು ಗುರುತಿಸಿದರು. ಅದಕ್ಕೂ ಮೊದಲು ಬ್ರಹ್ಮಗಿರಿಯ ಬಂಡೆಯನ್ನು ಊರವರು ಅಕ್ಷರಗುಂಡು ಎಂದು ಕರೆಯುತ್ತಿದ್ದರು. ಓದಲು ಬಾರದಿದ್ದರೂ ಅದರಲ್ಲೇನೋ ಶಕ್ತಿಯಿದೆ ಎಂದು ನಂಬಿದ್ದರು. ಆ ಬರಹ ಸುವರ್ಣಗಿರಿಯ ಅಧಿಕಾರಿಗಳಿಂದ ಇಲ್ಲಿನ ಇಸಿಲ ಪಟ್ಟಣದ ಅಧಿಕಾರಿಗಳಿಗೆ ಬಂದದ್ದು. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯದು. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಗಟ್ಟಿಯಾಗಿರಬೇಕು, ನಿಜ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ನೆಂಟರೊಡನೆ ಸರಿಯಾಗಿ ನಡೆದುಕೊಳ್ಳಬೇಕು ಎಂಬುದು ಅದರ ಸಾರ. ದೊಡ್ಡವನಷ್ಟೇ ಅಲ್ಲ, ಸಣ್ಣವನೂ ಶ್ರಮಪಟ್ಟರೆ ಸ್ವರ್ಗ ಮುಟ್ಟಬಹುದು ಎಂಬ ಭರವಸೆಯೂ ಅಲ್ಲಿದೆ.

ಅರ್ಧ ಭರತಖಂಡಕ್ಕೂ ಮಿಗಿಲಾದ ನೆಲಕ್ಕೆ ಒಡೆಯನಾಗಿದ್ದವನು ಈ ಬಂಡೆಯ ಮೇಲೆ ತನ್ನ ರಾಜ್ಯದ ಚಕ್ಕುಬಂದಿ ಬರೆಸಲಿಲ್ಲ. ಕಂದಾಯದ ಲೆಕ್ಕ ಬರೆಸಲಿಲ್ಲ. ಅವನ ಅರಮನೆ ಹೋಯಿತು, ಖಜಾನೆ ಹೋಯಿತು, ಇಸಿಲ ಪಟ್ಟಣ ಮಣ್ಣಿನಡಿ ಸೇರಿತು. ಉಳಿದದ್ದು ನಾಲ್ಕು ಒಳ್ಳೆಯ ಮಾತು. ಅದನ್ನು ಕೆತ್ತಿದ ಲಿಪಿಕಾರ ಚಪಡ ಕೊನೆಯಲ್ಲಿ ತನ್ನ ಹೆಸರು ಬರೆದು, ಕಸುಬನ್ನು ಮಾತ್ರ ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ. ಎಲ್ಲಿಂದಲೋ ಬಂದು ಮೊಳಕಾಲ್ಮುರಿನ ಬಿಸಿಲಲ್ಲಿ ಉಳಿ ಹಿಡಿದು ಕೂತ ಆ ಮನುಷ್ಯನಿಗೆ ಇಲ್ಲಿ ಒಂದು ಗೇಣು ಹೊಲವಾದರೂ ಇತ್ತೋ ಇಲ್ಲವೋ. ಆದರೆ ಈ ಸೀಮೆಯಲ್ಲಿ ಅವನಷ್ಟು ಕಾಲ ಹೆಸರು ಉಳಿಸಿಕೊಂಡ ಜಮೀನುದಾರ ಇನ್ನೊಬ್ಬನಿಲ್ಲ.

ಬ್ರಹ್ಮಗಿರಿಯ ಬುಡದಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಉತ್ಖನನ ಮಾಡಿಸಿದಾಗ ಕಲ್ಲುಚಪ್ಪಡಿಯ ಗೋರಿಗಳು ತೆರೆದುಕೊಂಡವು. ಸತ್ತವರ ಮೂಳೆಗಳ ಜೊತೆ ಮಡಕೆ ಕುಡಿಕೆ, ಕಬ್ಬಿಣದ ಹತಾರಗಳು ಇದ್ದವು. ಹೋದವರಿಗೆ ಅಲ್ಲಿಯೂ ಬೇಕಾದೀತು ಎಂದು ಉಳಿದವರು ಇಟ್ಟ ಸಾಮಾನು. ಆ ಪ್ರೀತಿಗೆ ನಾನು ತಲೆಬಾಗುತ್ತೇನೆ. ಜೊತೆಗೇ ಒಂದು ಯೋಚನೆಯೂ ಬರುತ್ತದೆ. ಕಟ್ಟಿಕೊಟ್ಟ ಬುತ್ತಿಯನ್ನು ಯಾರೂ ಒಯ್ಯಲಿಲ್ಲ, ಇಟ್ಟದ್ದು ಇಟ್ಟಲ್ಲೇ ಇತ್ತು.

ಹಟ್ಟಿಯ ಇನ್ನೊಂದು ಸಿರಿಯ ಬಗ್ಗೆ ಹೇಳದಿದ್ದರೆ ಮಾತು ಅಪೂರ್ಣ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯಲ್ಲಿ ಸಿರಿಯಜ್ಜಿ ಎಂಬ ಹಾಡುಗಾರ್ತಿ ಇದ್ದರು. ಅಕ್ಷರ ಕಲಿತವರಲ್ಲ. ಹಟ್ಟಿಯ ದೇವರುಗಳ ಕತೆ, ಸೋಬಾನೆ, ಬೀಸುವ ಪದ, ಕುಟ್ಟುವ ಪದ ಸೇರಿ ಸಾವಿರಾರು ಸಾಲು ಅವರ ನೆನಪಿನಲ್ಲಿ ಇದ್ದವು. ವಿದ್ವಾಂಸ ಕೃಷ್ಣಮೂರ್ತಿ ಹನೂರು ಅವರ ಮುಂದೆ ಕೂತು ಬರೆದುಕೊಂಡದ್ದು ‘ಸಾವಿರದ ಸಿರಿಬೆಳಗು’ ಎಂಬ ಪುಸ್ತಕವಾಯಿತು. ಸಂಪತ್ತಿನ ಬಗ್ಗೆ ಯೋಚಿಸುವಾಗೆಲ್ಲ ನನಗೆ ಆ ಅಜ್ಜಿ ನೆನಪಾಗುತ್ತಾರೆ. ಹಾಡನ್ನು ಇನ್ನೊಬ್ಬರಿಗೆ ಕೊಟ್ಟರೆ ಕೊಟ್ಟವರಲ್ಲಿ ಕಡಿಮೆಯಾಗುವುದಿಲ್ಲ. ಬಚ್ಚಿಟ್ಟರೆ ಮಾತ್ರ ಅಳಿಯುತ್ತದೆ. ಯಾರಿಂದಲೋ ಕೇಳಿ ಕಲಿತದ್ದನ್ನು ಅವರು ಯಾರಿಗೋ ಹಾಡಿದರು, ನಡುವೆ ತಮ್ಮ ಕೊರಳಿನ ಜೀವ ಸೇರಿಸಿದರು. ಕಿಲಾರಿ ಮಂದೆಗೆ ಮಾಡುವುದನ್ನೇ ಅವರು ಹಾಡಿಗೆ ಮಾಡಿದರು.

ಈಗ ನನ್ನನ್ನು ಬಹಳ ಬೆರಗಾಗಿಸುವ ಸಂಗತಿಗೆ ಬರುತ್ತೇನೆ. ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋದವರು ಚಂದ್ರನ ನೆಲವನ್ನು ಮಾಡಿದ್ದಾರೆ. ಚಂದ್ರಯಾನ-2ರ ತಯಾರಿಯಲ್ಲಿ, ಇಳಿಯುವ ನೌಕೆಯ ಕಣ್ಣು ಕುಳಿಗಳನ್ನು ಸರಿಯಾಗಿ ಗುರುತಿಸುತ್ತದೆಯೇ ಎಂದು ಪರೀಕ್ಷಿಸಲು, ಸುಮಾರು 10 ಮೀಟರ್ ಅಗಲ, 3 ಮೀಟರ್ ಆಳದ ಕುಳಿಗಳನ್ನು ತೋಡಿ, ಮೇಲೆ ವಿಮಾನ ಹಾರಿಸಿ ನೋಡಿದರು. 2019ರ ಸೆಪ್ಟೆಂಬರಿನಲ್ಲಿ ಆ ನೌಕೆ ಚಂದ್ರನ ಹತ್ತಿರ ಹೋಗಿ ಕೈತಪ್ಪಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದೇಬಿಟ್ಟಿತು. ಅದೇ ವರ್ಷ ಏಪ್ರಿಲ್ 2ರಂದು ಇಲ್ಲಿನ ಡಿಆರ್‌ಡಿಒ ವಿಮಾನ ಪರೀಕ್ಷಾ ನೆಲೆಯಲ್ಲಿ ಇನ್ನೊಂದು ಸಾಹಸ ನಡೆಯಿತು. ರೆಕ್ಕೆಯ ವಾಹನವೊಂದನ್ನು ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ಯಾರ ನೆರವೂ ಇಲ್ಲದೆ ತಾನಾಗಿ ದಾರಿ ಹುಡುಕಿಕೊಂಡು ಓಡುದಾರಿಗೆ ಇಳಿಯಿತು. ಕತ್ತೆತ್ತಿದರೆ ಬಾನಿಂದ ತಾನೇ ಇಳಿಯುವ ಯಂತ್ರ, ಕತ್ತು ತಗ್ಗಿಸಿದರೆ ದೇವರ ಮಂದೆ. ಒಂದೇ ಸೀಮೆಯಲ್ಲಿ ಮನುಷ್ಯನ ಇಷ್ಟು ಹಳೆಯ ಮತ್ತು ಇಷ್ಟು ಹೊಸ ಸಾಹಸಗಳು ಅಕ್ಕಪಕ್ಕ ಇರುವುದನ್ನು ಬೇರೆಲ್ಲಿ ಕಂಡೇವು?

ಇದಕ್ಕಿಂತ ದೊಡ್ಡ ಸೋಜಿಗ ಮುಂದಿದೆ. 1967ರಲ್ಲಿ ಜಗತ್ತಿನ ದೇಶಗಳು ಬಾಹ್ಯಾಕಾಶದ ಬಗ್ಗೆ ಒಂದು ಒಪ್ಪಂದ ಮಾಡಿಕೊಂಡವು. ಅದರ ಪ್ರಕಾರ ಚಂದ್ರನ ಮೇಲೆ ಯಾವ ದೇಶವೂ ಒಡೆತನ ಸಾರುವಂತಿಲ್ಲ. ಹೋಗಬಹುದು, ನೋಡಬಹುದು, ಕಲಿಯಬಹುದು. ಬಾವುಟ ನೆಟ್ಟರೂ ನೆಲ ನಮ್ಮದು ಎನ್ನುವಂತಿಲ್ಲ. ಮನುಷ್ಯ ತನ್ನ ಬುದ್ಧಿಯನ್ನೆಲ್ಲ ಧಾರೆಯೆರೆದು ಭೂಮಿಯ ಆಚೆ ಕಾಲಿಡಲು ಹೊರಟಾಗ ಬರೆದುಕೊಂಡ ಮೊದಮೊದಲ ಕಟ್ಟಳೆಗಳಲ್ಲಿ ಇದೂ ಒಂದು. ‘ನಮ್ಮವು ಒಂದೂ ಇಲ್ಲಪ್ಪ’ ಎನ್ನುವ ಕಿಲಾರಿಯ ಮಾತಿಗೂ ಆ ಒಪ್ಪಂದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಕೆಲವು ಸಂಗತಿಗಳು ಎಷ್ಟು ದೊಡ್ಡವು ಎಂದರೆ ಅವುಗಳನ್ನು ಸ್ವಂತ ಮಾಡಿಕೊಳ್ಳಬಾರದು, ಬರೀ ನೋಡಿಕೊಳ್ಳಬೇಕು. ಜಗತ್ತಿನ ವಕೀಲರೂ ವಿಜ್ಞಾನಿಗಳೂ ಕೂಡಿ ಮುಟ್ಟಿದ ಈ ತಿಳಿವಳಿಕೆಯನ್ನು ಹಟ್ಟಿಯ ಜನ ರೊಪ್ಪದ ಬಾಗಿಲಲ್ಲಿ ನಿಂತು ಎಂದೋ ಮುಟ್ಟಿದ್ದರು.

ಇಷ್ಟು ಹೇಳಿ ನೋವಿನ ಮಾತನ್ನು ಬಿಟ್ಟರೆ ಅಪ್ರಾಮಾಣಿಕತೆ ಆಗುತ್ತದೆ. ಆ ಪ್ರಯೋಗಗಳಿಗೆ ನೆಲ ಸಿಕ್ಕಿದ್ದು ಇದೇ ಕಾವಲುಗಳಲ್ಲಿ. ಹದಿನೈದು ವರ್ಷಗಳಿಗೂ ಹಿಂದೆ ಡಿಆರ್‌ಡಿಒಗೆ 4,290 ಎಕರೆ, ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೋಗೆ 573 ಎಕರೆ ಮಂಜೂರಾಯಿತು. ಉದ್ದಕ್ಕೂ ಗೋಡೆ ಎದ್ದಾಗಲೇ ಬಹಳ ಹಳ್ಳಿಗಳವರಿಗೆ ಸುದ್ದಿ ತಿಳಿದದ್ದು. ಕುರಿ ಹೊಡೆದುಕೊಂಡು ಹೋದವರು ಗೋಡೆ ಕಂಡು ಹಿಂದಿರುಗಿದರು. ಜನ ಬೀದಿಗಿಳಿದರು, ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಯಿತು, 2014ರ ಆಗಸ್ಟಿನಲ್ಲಿ ತೀರ್ಪೂ ಬಂತು. ಗೋಡೆಗಳು ಉಳಿದವು. ದೇಶಕ್ಕೆ ವಿಜ್ಞಾನ ಬೇಕು, ಚಂದ್ರನ ಮೇಲೆ ನೌಕೆ ಇಳಿದ ಸಂಜೆ ನಾಡಿನ ಜೊತೆ ನನ್ನ ಕಣ್ಣೂ ತುಂಬಿತ್ತು. ಆದರೆ ಆ ಹೆಮ್ಮೆಗೆ ನೆಲ ಕೊಟ್ಟವರು ಯಾರು ಎಂದು ಕೇಳಿದಾಗ ಉತ್ತರ ಹೇಳುವವರು ಕಡಿಮೆ. ಕಾಗದವಿಲ್ಲದೆ ಇಷ್ಟು ಕಾಲ ಬಳಸಿ ಕಾಪಾಡಿದವರಿಗೆ, ಕೊಡುವಾಗ ಒಂದು ಮಾತು ಕೇಳಿಸಿಕೊಳ್ಳುವ ಮರ್ಯಾದೆಯೂ ಸಿಗಲಿಲ್ಲ. ಯಾರದೂ ಅಲ್ಲ ಎಂದು ಕಾಪಾಡಿದ್ದನ್ನು ಯಾರದೂ ಅಲ್ಲವಲ್ಲ ಎಂದು ತೆಗೆದುಕೊಳ್ಳುವುದು ಸುಲಭ. ಈ ಎರಡು ಮಾತಿನ ನಡುವೆ ಇರುವ ಅಂತರವನ್ನು ನಮ್ಮ ಕಾನೂನು ಇನ್ನೂ ಕಲಿಯಬೇಕಿದೆ.

ಕಲಿಯಲು ಕಾಲ ಮಿಂಚಿಲ್ಲ. ಗೋಡೆಯ ಆಚೆ ಇನ್ನೂ ಕಾವಲು ಉಳಿದಿದೆ. ಅದನ್ನು ಪಾಳು ಎನ್ನದೆ ಹುಲ್ಲುಗಾವಲು ಎಂದೇ ದಾಖಲೆಯಲ್ಲಿ ಬರೆದು, ಇನ್ನು ಯಾರಿಗೂ ಕೊಡುವುದಿಲ್ಲ ಎಂದು ನಿಲ್ಲಿಸಬಹುದು. ಮಂದೆ ನೀರಿಗೆ ಹೋಗುವ ದಾರಿಗಳನ್ನು ತೆರೆದಿಡಬಹುದು. ಕಿಲಾರಿಗಳಿಗೆ ವಯಸ್ಸಾಗುತ್ತಿದೆ, ಅವರ ಮಕ್ಕಳು ಓದಿ ಬೇರೆ ಕೆಲಸ ಹುಡುಕುತ್ತಿದ್ದಾರೆ. ಓದಲಿ, ಹುಡುಕಲಿ. ಈ ಕೆಲಸಕ್ಕೂ ಒಂದು ಗೌರವದ ಸಂಬಳ, ಮುಪ್ಪಿನಲ್ಲಿ ಒಂದು ಆಸರೆ ಸಿಕ್ಕರೆ ಅವರಲ್ಲಿ ಒಬ್ಬನಾದರೂ ಕೋಲು ಹಿಡಿದಾನು. ಕುದಾಪುರದ ವಿಜ್ಞಾನ ಸಂಸ್ಥೆಯಲ್ಲಿ ಕೂತು ಜಗತ್ತಿನ ವಿಜ್ಞಾನ ಓದುವವರು ಗೋಡೆಯಾಚೆಯ ಈ ತಿಳಿವಳಿಕೆಯನ್ನೂ ಓದಬಹುದು. ಹುಲ್ಲಿನ ಬಗ್ಗೆ, ಬರದ ಬಗ್ಗೆ ಕಿಲಾರಿಗೆ ಗೊತ್ತಿರುವುದು ಯಾವ ಪ್ರಯೋಗಾಲಯಕ್ಕೂ ಸಣ್ಣದಲ್ಲ.

ಮಕ್ಕಳಿಗೆ ನಾವು ಸೈಟು ಮಾಡಿಡುತ್ತೇವೆ, ಹೊಲದ ಪಾಲು ಬರೆದಿಡುತ್ತೇವೆ, ಚಿನ್ನ ಕೂಡಿಡುತ್ತೇವೆ. ತಪ್ಪಲ್ಲ, ಬದುಕಿಗೆ ಅದೂ ಬೇಕು. ಅದರ ಜೊತೆಗೆ ಪ್ರತಿ ಮನೆಯೂ ಪ್ರತಿ ಊರೂ ತನ್ನದಲ್ಲದ ಒಂದನ್ನು ಕಾಪಾಡುವ ಹೊಣೆಯನ್ನು ಮುಂದಿನವರ ಕೈಗೆ ಕೊಡಬೇಕು ಎಂದು ನಾನು ನಂಬುತ್ತೇನೆ. ಅದು ಕೆರೆಯಾಗಲಿ, ಗೋಮಾಳವಾಗಲಿ, ಅಜ್ಜಿಯ ಹಾಡಾಗಲಿ. ಅದಕ್ಕೆ ಖಾತೆ ಬೇಡ, ಪಾಲು ಬೇಡ, ಬೆಲೆ ಕಟ್ಟುವುದು ಬೇಡ. ‘ಇದು ನಮ್ಮದಲ್ಲ, ಆದರೆ ನೋಡಿಕೊಳ್ಳಬೇಕಾದವರು ನಾವೇ’ ಎಂದು ಮಗುವೊಂದು ಹೇಳಲು ಕಲಿತರೆ ಸಾಕು. ಮಳೆ ನೆಟ್ಟಗೆ ಬೀಳದ ನೆಲದಲ್ಲಿ, ಕೈಯಲ್ಲಿ ಕಾಸಿಲ್ಲದ ಜನ, ಅಷ್ಟು ಮಾತಿನ ಬಲದಿಂದಲೇ ತಲೆಮಾರುಗಳ ಕಾಲ ಒಂದು ಸಿರಿಯನ್ನು ಉಳಿಸಿದ್ದಾರೆ. ಅವರಿಗಿಂತ ಎಷ್ಟೋ ಹೆಚ್ಚು ಅನುಕೂಲ ಇರುವ ನಮಗೆ ಅದು ಆಗದು ಎಂದು ಹೇಳಲು ಯಾವ ನೆವವೂ ಉಳಿದಿಲ್ಲ.